ತಂಗಿಯ ಹೊರದೇಶದ ಗೆಳತಿ

ನನ್ನ ತಂಗಿಗೆ ಹೊರದೇಶದ ಹೆಂಗಸೊಬ್ಬಳ ಸ್ನೇಹವಾದಾಗಿನಿಂದ ನನಗೆ ಹೊಟ್ಟೆಕಿಚ್ಚು. ಸೇಲಂನಲ್ಲಿ ಸ್ವಂತ ಆಡಿಟ್ ಆಫೀಸು ನಡೆಸುವ, ತಲೆ ನರೆತ ಹೆಂಗಸು ಹೀಗೆಲ್ಲ ಹೇಳಿಕೊಳ್ಳಬಾರದು ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ.

ನಾವಿಬ್ಬರೂ ಮಗ್ಗದ ಮನೆಯ ಮಕ್ಕಳು. ಒಬ್ಬರೇ ಆಡಿಟರ ಹತ್ತಿರ ಕೆಲಸ ಕಲಿತೆವು. ಶಂಕಗಿರಿಯ ಲಾರಿ ಆಫೀಸುಗಳಲ್ಲಿ ಲೆಕ್ಕ ನೋಡುವಾಗ ತಮಿಳು ಮಾಲೀಕರ ಎದುರಿಗೇ ಅವರ ಡೀಸೆಲ್ ಬಿಲ್ಲುಗಳನ್ನು ನಮ್ಮ ಮನೆಯ ಕನ್ನಡದಲ್ಲಿ ಆಡಿಕೊಳ್ಳುತ್ತಿದ್ದೆವು. ಇವರಿಗೆಲ್ಲಿ ತಿಳಿಯುತ್ತದೆ ಎಂಬ ಧೈರ್ಯ. ಅದೇ ಧೈರ್ಯದಲ್ಲಿ ಒಮ್ಮೆ ಪೆನ್ನಾಗರಂನ ಎಣ್ಣೆ ಮಿಲ್ಲಿನಲ್ಲಿ, "ಈವಯ್ಯ ಸುಳ್ಳು ಏಳ್ತಾವ್ನೆ ಲೇ" ಎಂದೆ. ಮಾಲೀಕ ತಲೆ ಎತ್ತದೆ, "ಸುಳ್ಳೇನೂ ಇಲ್ಲ ಕಣಮ್ಮ, ಸ್ಟಾಕು ಇಂದ್ಗಡೆ ಐತೆ, ಓಗಿ ನೋಡು" ಎಂದ. ಧರ್ಮಪುರಿ ಬರುವವರೆಗೂ ತಂಗಿ ಬಸ್ಸಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಆಮೇಲೆ ಅವಳು ದೆಹಲಿಯ ಸರ್ಕಾರಿ ಕಚೇರಿಯೊಂದಕ್ಕೆ ಕೆಲಸಕ್ಕೆ ಹೋದಳು. ಆಡಿಟರುಗಳು ನೆಟ್ಟಗೆ ಕೆಲಸ ಮಾಡಿದ್ದಾರೆಯೇ ಎಂದು ಪರೀಕ್ಷಿಸುವ, ಆಡಿಟರುಗಳ ಹಂಗಿಲ್ಲದ ಕಚೇರಿ ಅದು. ಅಂಥ ಕಚೇರಿಗಳು ಬೇರೆ ದೇಶಗಳಲ್ಲೂ ಇವೆ; ಆ ಗೆಳತಿ ಇರುವುದು ಅಂಥದ್ದೊಂದರಲ್ಲಿ. ಕಂಪನಿ ಒಂದು ದೇಶದ್ದು, ಕಾರ್ಖಾನೆ ಇನ್ನೊಂದು ದೇಶದಲ್ಲಿ ಎಂಬ ಕಾಲವಾದ್ದರಿಂದ ಅವರು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡು, ಕಂಡದ್ದನ್ನು ಒಬ್ಬರಿಗೊಬ್ಬರು ತಿಳಿಸುತ್ತಾರೆ. ಹೊರಗಿನವರಿಗೆ ಬಾಯಿ ಬಿಡುವಂತಿಲ್ಲ. ತಂಗಿಯ ಲೆಕ್ಕದಲ್ಲಿ ಈಗ ನಾನು ಹೊರಗಿನವಳು.

ಹೋದ ದೀಪಾವಳಿಗೆ ಬಂದಿದ್ದಳು. ನಾನು ಕಜ್ಜಾಯ ಕರಿಯುತ್ತಿದ್ದೆ. ಆ ಗೆಳತಿಯ ಫೋನ್ ಬಂದದ್ದೇ ತಾರಸಿಗೆ ಹೋಗಿ ಬಾಗಿಲು ಎಳೆದುಕೊಂಡಳು. ತಟ್ಟೆಗೆ ಹಾಕಿದ್ದ ಕಜ್ಜಾಯ ತಣ್ಣಗಾದ ಮೇಲೆ ನಗುನಗುತ್ತಾ ಇಳಿದು ಬಂದಳು.

"ಅಷ್ಟೊತ್ತು ಏನ್ ಲೇ ಮಾತು?"

"ಆಪೀಸ್ ಇಷಯ ಅಕ್ಕಾ. ಏಳೋಂಗಿಲ್ಲ."

"ಅವ್ಳಿಗೆ ಏಳ್ಬೋದು, ನಂಗೆ ಏಳ್ಬಾರ್ದಾ?"

"ಅವ್ರ ಜೊತೆ ಅಗ್ರಿಮೆಂಟ್ ಐತೆ. ನೀನು ಆಡಿಟರ್, ನಿಂಗೆಂಗೆ ಏಳ್ಲಿ?"

ನ್ಯಾಯವಾದ ಮಾತು. ನ್ಯಾಯವಾಗಿದ್ದರಿಂದಲೇ ನನಗೆ ಇನ್ನಷ್ಟು ಮೈ ಉರಿಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಮಗೆ ಅಗ್ರಿಮೆಂಟನ್ನು ಯಾರು ಬರೆದುಕೊಡಬೇಕಿತ್ತು?

ಮರುದಿನ ಅದೇ ಹೆಂಗಸು ವಿಡಿಯೋದಲ್ಲಿ ಬಂದಳು. ತಂಗಿ ಫೋನನ್ನು ನನ್ನ ಕಡೆ ತಿರುಗಿಸಿದಳು. ಗಿಡ್ಡ ಕೂದಲು, ಲಕ್ಷಣವಾದ ಮುಖ, ಅದನ್ನೂ ಹೇಳಿಬಿಡುತ್ತೇನೆ. "ಅಕ್ಕಾ, ಉಂಡ್ಯಾ?" ಎಂದಳು. ಅಪ್ಪಟ ನಮ್ಮ ಬೀದಿಯ ಕನ್ನಡ! ನನ್ನ ಮಕ್ಕಳು ಮನೆಯಲ್ಲೂ ತಮಿಳು ಬಿಟ್ಟು ಆಡುವುದಿಲ್ಲ. ನಮ್ಮಿಬ್ಬರಿಗೆ ಮಾತ್ರ ಉಳಿದಿದ್ದ ಮಾತನ್ನು ತಂಗಿ ಇವಳನ್ನು ಕೂರಿಸಿಕೊಂಡು ಕಲಿಸಿದ್ದಾಳೆ. ಹಲ್ಲು ಕಚ್ಚಿಕೊಂಡು ನಕ್ಕು, ಉಂಡೆ ಎಂದೆ.

ಈ ವರ್ಷ ಆ ಹೆಂಗಸು ಸೇಲಂಗೇ ಬಂದಳು, ಅದೂ ನನ್ನ ಆಫೀಸಿಗೆ. ನಾನು ಆಡಿಟ್ ಮಾಡುವ ನೂಲಿನ ಗಿರಣಿಯೊಂದನ್ನು ಅವಳ ದೇಶದ ಕಂಪನಿ ಕೊಂಡುಕೊಂಡಿತ್ತು. ನನ್ನ ಕೆಲಸವನ್ನು ಎರಡೂ ದೇಶದವರು ಸೇರಿ ಪರೀಕ್ಷಿಸಬೇಕಾಯಿತು. ದೆಹಲಿಯಿಂದ ಬೇರೆ ಇಬ್ಬರು ಬಂದರು. ಅಕ್ಕನ ಕೆಲಸವನ್ನು ತಂಗಿ ನೋಡುವಂತಿಲ್ಲ, ಅದು ನನಗೂ ಗೊತ್ತು. ಆದರೆ ನನ್ನ ದುಡುಕು, ನನ್ನ ಮರೆವು, ಎಲ್ಲವನ್ನೂ ತಂಗಿ ಇವಳ ಕಿವಿಗೆ ಹಾಕಿಯೇ ಕಳಿಸಿದ್ದಾಳೆ ಎಂದು ನಾನು ಖಚಿತ ಮಾಡಿಕೊಂಡಿದ್ದೆ. ಅವಳು ಏನು ಕೇಳಿದರೂ ಆ ಪ್ರಶ್ನೆಯಲ್ಲಿ ತಂಗಿಯ ದನಿ ಹುಡುಕಿದೆ. ಕಾಫಿ ತರಿಸಿದರೆ, ಬೇಡ, ನಿಯಮ ಎಂದು ತನ್ನ ಬಾಟಲಿಯ ನೀರು ಕುಡಿದಳು. ಕುಡಿಯದಿದ್ದರೆ ಅಷ್ಟೇ ಹೋಯಿತು ಎಂದುಕೊಂಡೆ.

ಕೊನೆಯ ದಿನ ಉಳಿದವರು ಕಾರು ಹತ್ತಿದ ಮೇಲೆ ಅವಳು ಹಿಂದೆ ಉಳಿದಳು. ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: "ನಮ್ಮ ಸಭೆಗಳಲ್ಲಿ ನಿಮ್ಮ ಆಫೀಸಿನ ಹೆಸರು ಬಂದಾಗಲೆಲ್ಲ ನಿಮ್ಮ ತಂಗಿ ಎದ್ದು ಹೊರಗೆ ಹೋಗುತ್ತಿದ್ದರು. ಈ ಕೆಲಸಕ್ಕೆ ನಾನೇ ಬರುವುದು ಎಂದು ಗೊತ್ತಾದ ದಿನದಿಂದ ನನ್ನ ಜೊತೆ ಮಾತೇ ಆಡಿಲ್ಲ. ಮುಗಿಯುವವರೆಗೆ ಫೋನ್ ಮಾಡಬೇಡ ಎಂದಿದ್ದಾರೆ."

ಅವಳು ಬ್ಯಾಗಿನ ಪಟ್ಟಿಯನ್ನು ಸುಮ್ಮನೆ ಎಳೆಯುತ್ತಾ ನಿಂತಿದ್ದಳು.

"ಹೇಗಿದ್ದಾರೆ ಅವರು?" ಎಂದು ಕೇಳಿದಳು.

ಅವತ್ತು ಬೆಳಿಗ್ಗೆಯೇ ತಂಗಿ ಫೋನ್ ಮಾಡಿ, ಕಚೇರಿಯ ಸುದ್ದಿ ಒಂದನ್ನೂ ಎತ್ತದೆ, ಮೊಣಕಾಲು ನೋವು, ತಳ ಹಿಡಿದ ಉಪ್ಪಿಟ್ಟು, ಪಕ್ಕದ ಮನೆಯವರ ಜಗಳ ಎಂದು ನನ್ನ ಕಾಫಿ ಆರುವವರೆಗೂ ಹರಟಿದ್ದಳು. ಅದನ್ನೆಲ್ಲ ಹೇಳಿದ್ದರೆ ಆ ಹೆಂಗಸಿನ ಮುಖ ಅರಳುತ್ತಿತ್ತು.

"ಚೆನ್ನಾಗಿದ್ದಾಳೆ" ಎಂದೆ. ಅದಕ್ಕಿಂತ ಒಂದು ಮಾತೂ ಹೆಚ್ಚು ಹೇಳಲಿಲ್ಲ.