ನಲ್ಲಿಕಟ್ಟೆಯ ಸಂಧಾನ

ಯಾವ ದೇಶ ಯಾರ ಯುದ್ಧ ಬಿಡಿಸಲು ಹೊರಟರೂ ನಾನು ಮೊದಲು ಕೇಳುವುದು ಒಂದೇ: ಜಗಳ ಮುಗಿದರೆ ಇವರಿಗೇನು ನಷ್ಟ? ಇದನ್ನು ಕಲಿಸಿದವರು ಮುಂಬಯಿಯ ಬೈಕುಲ್ಲಾದ ನಮ್ಮ ಚಾಳಿನ ರಾಯರು. ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಆರುವುದೂ ಬೇಡ.

ಮೈಸೂರಿನಿಂದ ಮದುವೆಯಾಗಿ ಬಂದ ಹೊಸತು. ನನಗೆ ಮರಾಠಿ ಬಾರದು, ಗಂಡನದೂ ಅದೇ ಪಾಡು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನನ್ನದೆಂದುಕೊಂಡು ಪಕ್ಕದ ಮನೆಯ ಮರಾಠಿ ಹೆಂಗಸಿನ ಕೊಡ ಎತ್ತಿಬಿಟ್ಟೆ. ಆಕೆ ಅದನ್ನು ಕಸಿದುಕೊಂಡು, ಬೆರಳೆತ್ತಿ ಏನೇನೋ ಹೇಳಿ, ಕೊನೆಗೆ "ಕಳ್ಳಂ ಕಾ?" ಎಂದಳು.

ಅಳುತ್ತ ರಾಯರ ಹತ್ತಿರ ಓಡಿದೆ. ಅವರೂ ನಮ್ಮ ಕಡೆಯವರೇ, ಆದರೆ ಮುಂಬಯಿಯಲ್ಲೇ ತಲೆ ನರೆತವರು. ಅವರ ಮರಾಠಿ ನೀರು ಕುಡಿದಷ್ಟು ಸಲೀಸು.

"ಹೆಣ್ಣು ಅಂತಾನೂ ನೋಡದೆ ನನ್ನನ್ನ ಕಳ್ಳ ಅಂದ್ಳು ರಾಯರೇ! 'ಕಳ್ಳಂ ಕಾ' ಅಂತ ಬೆರಳು ತೋರಿಸಿ ಅಂದ್ಳು."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಛೆ ಛೆ, ದೊಡ್ಡ ಮಾತು. ನೀನು ಅವಳ ಜೊತೆ ಮಾತಾಡಬೇಡಮ್ಮ. ನಾನು ನಡುವೆ ನಿಂತು ಸರಿಮಾಡ್ತೀನಿ."

ಆಗ ಪೇಪರಿನ ತುಂಬ ಕೊರಿಯಾ. ಅಲ್ಲಿ ಹೊಡೆದಾಡುತ್ತಿದ್ದವರ ನಡುವೆ ನಮ್ಮ ದೇಶ ಮಾತು ಒಯ್ಯುತ್ತಿತ್ತು. ನಮ್ಮ ಮನೆಯ ಕಾಫಿ ಹೀರುತ್ತ ರಾಯರು ಪಾಠ ಹೇಳುತ್ತಿದ್ದರು: "ಇಬ್ಬರಿಗೂ ಸಾಕಾಗಿರತ್ತೆ ಕಣಮ್ಮ. ಆದ್ರೆ ಮೊದಲು ಬಗ್ಗಕ್ಕೆ ಇಬ್ಬರಿಗೂ ಮಾನ ಅಡ್ಡ. ಅದಕ್ಕೇ ಮೂರನೆಯವನು ಬೇಕು. ಇವರ ಮಾತಿನ ಖಾರ ತೆಗೆದು ಅವರಿಗೆ ತಲುಪಿಸ್ಬೇಕು." ಆಮೇಲೆ ಎದ್ದು ಪಕ್ಕದ ಮನೆಗೆ ಹೋಗಿ ಅಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ವಾಪಸು ಬಂದು "ಇನ್ನೂ ಬಗ್ಗಿಲ್ಲಮ್ಮ" ಅನ್ನುತ್ತಿದ್ದರು.

ಅಷ್ಟರಲ್ಲಿ ನಾನು ಬಸುರಿ. ವಾಂತಿಯಾಗಿ ಮೋರಿಯ ಪಕ್ಕ ಕುಸಿದು ಕೂತರೆ ಗೋಡೆಯಾಚೆ ಆಕೆಯ ಬಳೆಗಳ ಸದ್ದು ಕೇಳುತ್ತಿತ್ತು. ತಾಯಿ ಹತ್ತಿರವಿಲ್ಲದ ಊರಿನಲ್ಲಿ ಒಬ್ಬ ಹೆಂಗಸು ಬಂದು ಬೆನ್ನು ಸವರಿದರೆ ಸಾಕು ಅನ್ನಿಸುತ್ತಿತ್ತು. ಕಳ್ಳ ಅಂದವಳನ್ನು ಹೇಗೆ ಕರೆಯಲಿ?

ಏಳು ತುಂಬಿದಾಗ ಒಂದು ದಿನ ಮಾರ್ಕೆಟ್ಟಿಗೆ ಹೋಗಿದ್ದೆ. ಸೊಪ್ಪಿನವಳು ಕೊತ್ತಂಬರಿ ಕೈಗಿಟ್ಟು, ನೀರಲ್ಲಿಡು ಎಂದು ಸನ್ನೆ ಮಾಡಿ "ಕಳ್ಳಂ ಕಾ?" ಎಂದಳು. ನನ್ನ ಮುಖ ಕೆಂಪಾಯಿತು. ಆಮೇಲೆ ಬಂದ ಗಿರಾಕಿಗೂ ಅವಳು ಅದನ್ನೇ ಅಂದಳು! ಅಲ್ಲೇ ನಿಂತಿದ್ದ ಧಾರವಾಡದ ಅಜ್ಜಿಯನ್ನು ಕೇಳಿದೆ.

"ತಿಳೀತೇನು ಅಂತ ಕೇಳಾಕತ್ತಾಳವ್ವಾ," ಎಂದು ಅಜ್ಜಿ ನಕ್ಕಳು.

ತಿಳಿಯಿತು. ರಾಯರಿಗೆ ಮೊದಲ ದಿನವೇ ತಿಳಿದಿತ್ತು ಎಂಬುದೂ ತಿಳಿಯಿತು. ಒಂದೇ ಮಾತಿನಲ್ಲಿ ಮುಗಿಯುವ ಜಗಳವನ್ನು, ಎರಡು ಮನೆಯ ಉಪಚಾರದ ಆಸೆಗೆ, ದೊಡ್ಡಮನುಷ್ಯ ಎನ್ನಿಸಿಕೊಳ್ಳುವ ಚಪಲಕ್ಕೆ ಸಾಕಿಕೊಂಡಿದ್ದರು. ಅವರ ಮನೆ ಹಾಳಾಗ! ನೇರ ಪಕ್ಕದ ಮನೆಗೆ ನುಗ್ಗಿ, ಅರೆಬರೆ ಮರಾಠಿಯಲ್ಲಿ, ಕೈಸನ್ನೆಯಲ್ಲಿ ಎಲ್ಲ ಹೇಳಿದೆ. ಆಕೆ ಹಣೆ ಚಚ್ಚಿಕೊಂಡಳು. ಆಕೆಯ ಮುಖ ನೋಡಲಾರೆ ಎಂದು ನಾನು ಹೇಳಿದೆನೆಂದು ರಾಯರು ಅಲ್ಲಿ ಒದರಿದ್ದರಂತೆ. ಇಬ್ಬರೂ ಸೇರಿ ಗಣೇಶನ ಹಬ್ಬಕ್ಕೆ ಕಾದೆವು.

ಹಬ್ಬದ ಸಂಜೆ ಚಾಳಿನ ಅಂಗಳದಲ್ಲಿ, ದೇಶದೇಶಗಳ ನಡುವೆ ಶಾಂತಿ ತರುವ ಬಗೆ ಎಂದು ರಾಯರು ಭಾಷಣ ಬಿಗಿದರು. ಚಪ್ಪಾಳೆಯೂ ಬಿತ್ತು. ತುಂಬಿದ ಹೊಟ್ಟೆ ಹೊತ್ತು ನಾನು ಎದ್ದೆ. ಆಕೆ ನನ್ನ ತೋಳು ಹಿಡಿದಿದ್ದಳು. ಆಕೆ ಬಾಯಿಪಾಠ ಮಾಡಿಸಿದ್ದ ಮರಾಠಿಯಲ್ಲಿ ನಡೆದದ್ದನ್ನೆಲ್ಲ ಒಪ್ಪಿಸಿ, ರಾಯರ ಮೂಗಿನ ನೇರಕ್ಕೆ ಬೆರಳೆತ್ತಿ ಕೇಳಿದೆ: "ಕಳ್ಳಂ ಕಾ?"

ಮರಾಠಿಯವರು ಅದನ್ನು ಮರಾಠಿಯಲ್ಲಿ ಕೇಳಿ ನಕ್ಕರು, ಕನ್ನಡದವರು ಕನ್ನಡದಲ್ಲಿ. ರಾಯರಿಗೆ ಎರಡೂ ಕೇಳಿಸಿತು.