ಗಂಜಿ ಕುಡಿದ ಸುಗಂಧರಾಜ

ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಆದರೂ ಹೂವು ನೀರು ಕುಡಿಯುತ್ತದೆ, ಗಂಜಿ ಕುಡಿಯುವುದಿಲ್ಲ ಎನ್ನುವಷ್ಟು ನನಗೆ ಗೊತ್ತು. ಪದವಿ ಓದಿದ ನನ್ನ ಮಗನಿಗೆ ಅದು ತಿಳಿಯಲು ಜಮಖಂಡಿಯ ವೇದಿಕೆಯೇ ಬೇಕಾಯಿತು.

ಬನಹಟ್ಟಿಯಲ್ಲಿ ನಮ್ಮ ಮಗ್ಗದ ಶೆಡ್ಡಿನ ಹಿಂದೆ ಒಂದು ತುಂಡು ನೆಲವಿದೆ. ಅಲ್ಲಿ ಸುಗಂಧರಾಜ ಬೆಳೆಯುತ್ತೇನೆ. ಔಷಧಿ ಹೊಡೆಯುವುದಿಲ್ಲ, ಸಗಣಿ ಗೊಬ್ಬರ, ಬೇವಿನ ಹಿಂಡಿ, ಬುಡ ತಂಪಾಗಿರಲು ರವದಿ ಎನ್ನುವ ಕಬ್ಬಿನ ಒಣಗರಿ, ಅಷ್ಟೇ. ಮಗನ ಕಣ್ಣಿಗೆ ಅದು ಎರಡು ಪವರ್‌ಲೂಮ್ ಹಿಡಿಸುವ ಖಾಲಿ ಜಾಗ.

ವಿಷವಿಲ್ಲದೆ ಹೂವು ಬೆಳೆಯುವ ಬಗ್ಗೆ ಎರಡು ದಿನದ ಕಾರ್ಯಾಗಾರವಿದೆ, ವೇದಿಕೆಗೆ ಹೂವು ಬೇಕು ಎಂದು ಜಮಖಂಡಿಯ ಕಾಲೇಜಿನವರು ಕೇಳಿದರು. ಮಗ ಕರಾರು ಹಾಕಿದ. ಎರಡು ದಿನ ತಾಜಾ ನಿಂತರೆ ನೆಲ ಹೂವಿಗೆ, ಬಾಡಿದರೆ ಮಗ್ಗಕ್ಕೆ. ಒಪ್ಪಿದೆ.

ಬಿಸಿಲೇರುವ ಮೊದಲೇ, ಕೆಳಗಿನ ಎರಡು ಮೊಗ್ಗು ಬಿರಿದ ಕಡ್ಡಿಗಳನ್ನಷ್ಟೇ ಓರೆಯಾಗಿ ಕೊಯ್ದೆ. ನೀರಿಗೆ ತಾಗುವ ಎಲೆ ಕಿತ್ತು, ಉಜ್ಜಿ ತೊಳೆದ ಎರಡು ಬಕೆಟ್‌ಗಳಲ್ಲಿ ನಿಲ್ಲಿಸಿದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಒಂದರ ನೀರು ಬೆಳ್ಳಗಾಗಿತ್ತು.

"ಏನ್ ಸುರುವಿದ್ಯೋ ಅದರಾಗ?"

"ಗಂಜಿ ಬೇ. ಗಂಜಿ ಹಾಕಿದ ನೂಲು ಮಗ್ಗದ ಮ್ಯಾಲ ಹೆಂಗ ನೆಟ್ಟಗ ನಿಂದರತೈತಿ. ಹೂವಿಗೂ ಸೊಂಟ ಗಟ್ಟಿ ಆಗಲಿ."

"ಗಂಟಲಾ ಕಟ್ಟತೈತಿ ಲೇ. ಹೂ ಒಯ್ಯಾಕತ್ತೇವೋ, ಸೀರಿ ನೇಯಾಕತ್ತೇವೋ?"

ಜಾಗ ಬೇಕೆನ್ನುವವನಿಗೆ ಹೂವು ನಿಲ್ಲಿಸುವ ಉಸಾಬರಿ ಏಕೆ? ಕಾಲೇಜಿನಲ್ಲಿ ತಾಯಿಯ ಮರ್ಯಾದೆ ಹೋಗಬಾರದಂತೆ. ಮೋಸ ಎನ್ನೋಣವೆಂದರೆ, ಮೋಸ ಮಾಡಲಿಕ್ಕೂ ಬುದ್ಧಿ ಬೇಕು. ಆ ನೀರು ಬದಲಿಸಲು ಅವನು ಬಿಡಲಿಲ್ಲ. ಜಮಖಂಡಿಯಲ್ಲಿ ವೇದಿಕೆಯ ಎಡಕ್ಕೆ ಅವನ ಬಕೆಟ್, ಬಲಕ್ಕೆ ನನ್ನದು.

ಭಾಷಣಕಾರರ ಮೇಜಿನ ಮೇಲೆ ಪ್ಲಾಸ್ಟಿಕ್ ಗುಲಾಬಿಯಿತ್ತು. ಅವರ ಮಾತನ್ನು ಕೊನೆಯವರೆಗೂ ತಲೆಯೆತ್ತಿ ಕೇಳಿದ್ದು ಅದೊಂದೇ. ಮಧ್ಯಾಹ್ನದ ಹೊತ್ತಿಗೆ ಮಗನ ಕಡ್ಡಿಗಳು ಸಭೆಗೆ ನಮಸ್ಕಾರ ಹಾಕಿದ್ದವು. ಭಾಷಣಕಾರರು ಅವನ್ನು ತೋರಿಸಿ ರಾಸಾಯನಿಕ ಗೊಬ್ಬರದ ಗತಿ ನೋಡಿ ಎಂದರು. ನನ್ನವನ್ನು ತೋರಿಸಿ, ಸಾವಯವದ ಶಕ್ತಿ ಎಂದರು. ಎಲ್ಲರೂ ಬರೆದುಕೊಂಡರು.

ನಾನು ಎದ್ದು ನಿಂತೆ. "ಸರ್, ಎರಡೂ ಒಂದ ಮಡ್ಯಾಗ ಬೆಳದಾವು ರೀ, ಒಂದ ಗೊಬ್ಬರ. ಆ ಕಡೀವಕ್ಕ ನನ್ನ ಮಗ ಗಂಜಿ ಕುಡಿಸ್ಯಾನ."

ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಹೂವಿನ ನೀರು ಬದಲಿಸಿ, ಕಡ್ಡಿಯ ತುದಿಯನ್ನು ಬೆರಳಗಲ ಕತ್ತರಿಸಿದೆ. ಸಂಜೆ ವಂದನಾರ್ಪಣೆ ಮುಗಿದಾಗಲೂ ನೆಟ್ಟಗಿದ್ದವು.

ಹಿಂದಿರುಗುವ ಬಸ್ಸಿನಲ್ಲಿ ಮಗ ಹೊಸ ಲೆಕ್ಕ ತೆಗೆದ. ಅರ್ಧ ಹೂವು ಬಾಡಿತಲ್ಲ, ಅರ್ಧ ಜಾಗವಾದರೂ ಕೊಡು, ಒಂದು ಮಗ್ಗ ಹಾಕುತ್ತೇನೆ ಎಂದ. ಬಾಡಿದ ಕಟ್ಟನ್ನು ಅವನ ತೊಡೆಯ ಮೇಲಿಟ್ಟೆ.

"ನಿನ್ನ ಪಾಲು ಇಲ್ಲೈತಿ. ತಗೋ."

ಬನಹಟ್ಟಿಯವರೆಗೂ ಅದನ್ನು ಹಿಡಿದೇ ಕೂತಿದ್ದ. ಇಳಿದ ಮೇಲೆ ಶೆಡ್ಡಿನ ಹಿಂದೆ ಹೋಗಿ, ನನ್ನ ಗೊಬ್ಬರದ ಗುಂಡಿಗೆ ತಾನೇ ಹಾಕಿ ಬಂದ.