ಹೊಸ್ತಿಲ ಮೇಲಿಟ್ಟ ಖಾಲಿ ಡಬ್ಬಿ

ನಿನ್ನೆ ಬೆಳಿಗ್ಗೆ ನಾನು ಪುಟ್ಟಿಯ ಮೇಲೆ ಕೂಗಿದೆ. ಆ ದನಿ ಕೇಳಿ ಪುಟ್ಟಿಗಿಂತ ಮೊದಲು ಬೆಚ್ಚಿದವಳು ನಾನೇ. ನಾನು ಕೂಗುವವಳಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಹಿಂದಿನ ಬೆಂಚಿನ ಹುಡುಗಿಯರು ಏನೂ ಕೇಳಿಸುವುದಿಲ್ಲವೆಂದು ದೂರುವಷ್ಟು ಮೆಲ್ಲಗೆ ಕಲಿಸುತ್ತೇನೆ.

ಅಣ್ಣನ ಮಗಳು ಮಾಡಿದ ತಪ್ಪಾದರೂ ಏನು? ಎದುರು ಮನೆಯಿಂದ ಚಿವಡಾ ತುಂಬಿಕೊಂಡು ಬಂದಿದ್ದ ಸ್ಟೀಲಿನ ಡಬ್ಬಿಯನ್ನು ತೊಳೆದು, ಫ್ರಾಕಿಗೆ ಒರೆಸಿ, ಹಿಂದಿರುಗಿಸಲು ಹೊರಟಿದ್ದಳು, ಅಷ್ಟೆ. ಮುಚ್ಚಳ ಇನ್ನೊಂದು ಕೈಯಲ್ಲಿತ್ತು. ಡಬ್ಬಿಯಲ್ಲಿ ಏನೂ ಇರಲಿಲ್ಲ. ಆರು ವರ್ಷದ ಮಗು ಬಾಗಿಲಲ್ಲೇ ನಿಂತುಬಿಟ್ಟಿತು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಖಾಲಿ ಡಬ್ಬಿಗೆ ಇಷ್ಟೇಕೆ ರಂಪ ಎಂದು ನಿಮಗೆ ಅನ್ನಿಸೀತು. ಒಂದು ಕಾಲಕ್ಕೆ ನನಗೂ ಅನ್ನಿಸಿತ್ತು.

ಮುಂಬಯಿಯ ಸಯನ್‌ನ ಈ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಎರಡೇ ಮನೆಗಳು. ಎರಡೂ ಬಾಗಿಲುಗಳು ಎದುರುಬದುರು. ನಡುವೆ ನಾಲ್ಕು ಹೆಜ್ಜೆಯ ಜಾಗ. ಎದುರು ಮನೆಯ ಕಾಕು ಮರಾಠಿಯವರು. ಮಿರಜಿನ ಮನೆತನದ ಸೊಸೆ, ಅಥಣಿಯ ಮಗಳು. ಹಾಗಾಗಿ ಅವರ ಕನ್ನಡ ನಮ್ಮ ಧಾರವಾಡದ ಕನ್ನಡದೊಂದಿಗೆ ಕೂಡಲೇ ಹೊಂದಿಕೊಂಡಿತು. ಗಂಡಹೆಂಡತಿಗೆ ಮಕ್ಕಳಿರಲಿಲ್ಲ. ಮೈದುನನ ಮಗನೂ ಅವನ ಹೆಂಡತಿ ಕುಸುಮಳೂ ಅವರ ಜೊತೆಗಿದ್ದರು. ಕುಸುಮ ನನಗಿಂತ ಎರಡು ವರ್ಷ ಚಿಕ್ಕವಳು. ಎರಡು ಅಡುಗೆಮನೆಗಳ ನಡುವೆ ಬಟ್ಟಲು ಡಬ್ಬಿಗಳನ್ನು ಸಾಗಿಸುವುದು ಅವಳ ಕೆಲಸ. ನಮ್ಮಿಂದ ಸಾರು ಹೋದರೆ ಅದೇ ಬಟ್ಟಲಲ್ಲಿ ಮೊಳಕೆಕಾಳಿನ ಉಸಳ ಬರುತ್ತಿತ್ತು. ಏನೂ ಮಾಡದ ದಿನ ಎರಡು ನಿಂಬೆಹಣ್ಣು. ಅದೂ ಇಲ್ಲದ ದಿನ ಒಂದು ಚಮಚ ಸಕ್ಕರೆ. ಖಾಲಿ ಬಟ್ಟಲು ಮಾತ್ರ ಎಂದೂ ಬರುತ್ತಿರಲಿಲ್ಲ.

"ಖಾಲಿ ಕಳಿಸಿದರ ಏನಾಗ್ತದ ವೈನಿ?" ಎಂದು ಅಣ್ಣನ ಹೆಂಡತಿಯನ್ನು ಒಮ್ಮೆ ಕೇಳಿದ್ದೆ.

"ಕಳಿಸಬಾರದು ಅಂದ್ರ ಕಳಿಸಬಾರದು. ಎಲ್ಲಾದಕ್ಕೂ ಕಾರಣ ಕೇಳಬ್ಯಾಡ ನೀ," ಎಂದಿದ್ದರು. ಉತ್ತರ ತಾರ್ಕಿಕವಾಗಿಲ್ಲವೆಂದು ನಾನು ನಕ್ಕಿದ್ದೆ.

ಎಪ್ಪತ್ತೊಂದರ ಯುದ್ಧ ಮುಗಿದು ಇನ್ನೂ ಒಂದು ತಿಂಗಳಾಗಿರಲಿಲ್ಲ. ರಾತ್ರಿ ಬೆಳಕು ಹೊರಬೀಳದಿರಲೆಂದು ಕಿಟಕಿಗಳ ಗಾಜಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ನಾನು ಬಕೆಟ್ ನೀರಿಟ್ಟುಕೊಂಡು ಕೆರೆಯುತ್ತಿದ್ದೆ. ವೈನಿ ಚೊಚ್ಚಲ ಹೆರಿಗೆಗೆಂದು ಧಾರವಾಡಕ್ಕೆ ಹೋಗಿದ್ದರು. ಕುಸುಮಳೂ ತವರಿಗೆ ಹೋಗಿದ್ದಳು, ಅವಳಿಗೂ ಚೊಚ್ಚಲವೇ. ಎರಡು ಮನೆಗಳಿಂದ ಇಬ್ಬರೂ ಒಂದೇ ವಾರದಲ್ಲಿ ಹೊರಟಿದ್ದರು. ಯಾರಿಗೆ ಗಂಡು, ಯಾರಿಗೆ ಹೆಣ್ಣು ಎಂದು ಕಾಕು ದಿನಾ ಹೊಸದಾಗಿ ಭವಿಷ್ಯ ಹೇಳುತ್ತಿದ್ದರು.

ಹೀಗೆ ಅಡುಗೆಮನೆ ನನ್ನ ಕೈಗೆ ಬಂತು. ಸಂಕ್ರಾಂತಿಗೆ ಶೇಂಗಾ ಹೋಳಿಗೆ ಮಾಡಿದೆ. ಕೆಲವು ತವೆಯ ಮೇಲೇ ಬಿರಿದವು, ಉಳಿದವು ಆರುವಷ್ಟರಲ್ಲಿ ಹಪ್ಪಳವಾದವು. ಅಣ್ಣ ಒಂದನ್ನು ಮುರಿದು, "ಸದ್ದು ಛಲೋ ಬರ್ತದ," ಎಂದ. ಆದರೂ ಚೆನ್ನಾಗಿ ಕಂಡ ನಾಲ್ಕನ್ನು ಬಟ್ಟಲಲ್ಲಿಟ್ಟು ಬೆಳಿಗ್ಗೆಯೇ ಕಾಕುಗೆ ಕೊಟ್ಟು, ಕಾಲೇಜಿಗೆ ಹೋದೆ.

ಮರುದಿನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಕಾಕು. ಹಣೆಗೆ ಕುಂಕುಮವಿರಲಿಲ್ಲ, ಸ್ನಾನ ಆಗಿಲ್ಲವೇನೋ ಎಂದುಕೊಂಡೆ. ನಾನು ಕೈ ನೀಡಿದೆ. ಅವರು ಬಟ್ಟಲನ್ನು ನನ್ನ ಕೈಗೆ ಕೊಡಲಿಲ್ಲ. ಬಗ್ಗಿ ನೆಲದ ಮೇಲಿಟ್ಟರು. "ಒಳಗ ಬರ್ರಿ ಕಾಕು," ಎಂದೆ. ತಲೆಯಾಡಿಸಿ ತಿರುಗಿದರು, ಬಾಗಿಲು ಹಾಕಿಕೊಂಡರು.

ಬಟ್ಟಲಲ್ಲಿ ಏನೂ ಇರಲಿಲ್ಲ. ಒಂದು ಹರಳು ಸಕ್ಕರೆಯೂ ಇರಲಿಲ್ಲ.

ನಾನು ಎಷ್ಟು ಹೊತ್ತು ಅದನ್ನು ನೋಡುತ್ತ ನಿಂತೆನೋ. ಮುಖಕ್ಕೆ ಯಾರೋ ನೀರೆರಚಿದ ಹಾಗಾಗಿತ್ತು. ಆಮೇಲೆ ನನ್ನ ವಿದ್ಯೆ ಕೆಲಸಕ್ಕಿಳಿಯಿತು. ಕೈಗೆ ಕೊಡಲಿಲ್ಲ, ಒಳಗೆ ಬರಲಿಲ್ಲ, ಬಟ್ಟಲು ತುಂಬಲಿಲ್ಲ. ಆದ್ದರಿಂದ ನನ್ನ ಹೋಳಿಗೆ ಅವರಿಗೆ ಅವಮಾನವೆನಿಸಿದೆ, ವೈನಿ ಇಲ್ಲದ ಮನೆಯಲ್ಲಿ ನನ್ನನ್ನು ಲೆಕ್ಕಕ್ಕಿಟ್ಟಿಲ್ಲ. ಎಷ್ಟು ಅಚ್ಚುಕಟ್ಟಾದ ತೀರ್ಮಾನ! ಅಣ್ಣನಿಗೂ ಹೇಳಲಿಲ್ಲ. ನನ್ನ ನೋವನ್ನು ನಾನು ಯಾರಿಗೂ ತೋರಿಸುವವಳಲ್ಲ, ಮಡಚಿ ಇಟ್ಟುಕೊಳ್ಳುವವಳು.

ನಮ್ಮಲ್ಲಿ ಅವರದೊಂದು ಡಬ್ಬಿ ಉಳಿದಿತ್ತು. ಎರಡು ದಿನ ಬಿಟ್ಟು ಅದನ್ನು ತೊಳೆದೆ, ಒರೆಸಿದೆ, ಮೂಗಿನ ಬಳಿ ಹಿಡಿದು ವಾಸನೆಯೂ ಉಳಿದಿಲ್ಲವೆಂದು ಖಚಿತ ಮಾಡಿಕೊಂಡೆ. ನಾಲ್ಕು ಹೆಜ್ಜೆ ನಡೆದು ಅವರ ಹೊಸ್ತಿಲ ಮೇಲೆ, ಮುಚ್ಚಳ ಪಕ್ಕಕ್ಕಿಟ್ಟು, ಖಾಲಿ ಕಾಣುವ ಹಾಗೆ ಇಟ್ಟೆ. ಬಾಗಿಲು ತಟ್ಟಿ, ಹಿಂದಿರುಗಿ ಬಂದು, ಕಪ್ಪು ಕಾಗದ ಕೆರೆಯಲು ಕೂತೆ. ನಿಜ ಹೇಳುತ್ತೇನೆ, ಆ ಗಳಿಗೆ ನನಗೆ ಬಹಳ ತೃಪ್ತಿಯಾಗಿತ್ತು.

ಅವರ ಬಾಗಿಲು ತೆರೆದ ಸದ್ದು ಕೇಳಿತು. ಆಮೇಲೆ ಒಂದು ದನಿ. ಅದನ್ನು ಕೂಗು ಎನ್ನಲೋ, ಉಸಿರು ಎನ್ನಲೋ ಇಂದಿಗೂ ತಿಳಿಯದು. ಡಬ್ಬಿ ಉರುಳಿ ಮೆಟ್ಟಿಲಿಗೆ ಬಡಿಯಿತು. ನಾನು ಏಳುವಷ್ಟರಲ್ಲಿ ಕಾಕು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಿದ್ದರು, ನನ್ನ ಎರಡೂ ಭುಜ ಹಿಡಿದಿದ್ದರು.

"ಯಾರು ಹೋದ್ರು? ಪೋರಿ, ಬಾಯಿ ಬಿಡು. ವೈನಿ ಏನ? ಕೂಸ? ಅಗಂ ಬಾಯಿ, ನಿಮ್ಮ ಮನ್ಯಾಗೂ ಹಿಂಗ ಆತೇನ?"

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ 'ನಿಮ್ಮ ಮನ್ಯಾಗೂ' ಎಂಬ ಮಾತು ಒಳಗಿಳಿಯಿತು.

"ಯಾರೂ ಇಲ್ಲ ಕಾಕು. ವೈನಿ ಆರಾಮ ಇದ್ದಾರ. ಮೊನ್ನೆ ಕಾಗದ ಬಂದದ."

"ಹಂಗಾರ ಡಬ್ಬಿ ಖಾಲಿ ಯಾಕ? ನೆಲದ ಮ್ಯಾಲ ಯಾಕ?"

ನಾನು ನಿಜ ಹೇಳಿದೆ. ಸಿಟ್ಟು ಬಂದಿತ್ತು ಎಂದೆ. ನೀವು ಕೊಟ್ಟ ಹಾಗೆಯೇ ಕೊಟ್ಟೆ ಎಂದೆ. ಆ ವಾಕ್ಯ ನನ್ನ ಬಾಯಿಂದ ಬರುವಾಗ ಅದು ಎಷ್ಟು ಸಣ್ಣದೆಂದು ನನಗೇ ಕೇಳಿಸಿತು. ಕಾಕು ನನ್ನನ್ನು ಬಿಟ್ಟು ಗೋಡೆಗೆ ಒರಗಿದರು, ಹಾಗೆಯೇ ಜಾರಿ ಕೂತರು.

"ಸಂಕ್ರಾಂತಿ ಮಧ್ಯಾಹ್ನ ತಾರ ಬಂತು," ಎಂದರು. "ಹೆರಿಗಿ ಆಗೂ ಮುಂದ ಹೋದ್ಲು ಕುಸುಮ. ಕೂಸೂ ಉಳೀಲಿಲ್ಲ. ಗಂಡಸರು ಕ್ರಿಯಾ ಮಾಡಲಿಕ್ಕೆ ಮಿರಜಿಗೆ ಹೋಗ್ಯಾರ. ನಾ ಒಬ್ಬಾಕಿನ ಇದ್ದೀನಿ. ಸೂತಕದ ಮನಿ ಒಲಿಯಿಂದ ಏನೂ ಕಳಿಸಬಾರದು, ಯಾರನ್ನೂ ಮುಟ್ಟಬಾರದು. ಭಾಂಡಿ ಖಾಲಿನ ಕೊಡಬೇಕು."

"ನನಗ ಯಾಕ ಹೇಳಲಿಲ್ಲ ಕಾಕು?"

"ಹ್ಯಾಂಗ ಹೇಳಲಿ? ನಿಮ್ಮ ಮನ್ಯಾಗ ಬಸಿರಿ ಇದ್ದಾಳ. ಅಂಥಾ ಮನಿ ಬಾಗಿಲಿಗೆ ನಿಂತು ಇಂಥಾ ಸುದ್ದಿ ಹೇಳಲೇನ?"

ಸೂತಕ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನನ್ನ ಮಟ್ಟಿಗೆ ಅದು ಧಾರವಾಡದಲ್ಲಿ, ಅಜ್ಜಿಯಂಥವರು ತೀರಿಕೊಂಡಾಗ ನಡೆಯುವ ಸಂಗತಿ. ನಾಲ್ಕು ಹೆಜ್ಜೆ ಆಚೆ, ಇಪ್ಪತ್ತೊಂದು ವರ್ಷದ ಕುಸುಮಳಿಗಾಗಿ ಒಬ್ಬ ಹೆಂಗಸು ಮೂರು ದಿನ ಸದ್ದಿಲ್ಲದೆ ಅತ್ತಿದ್ದಳು, ನಮಗೆ ಕೇಳಿಸಬಾರದೆಂದು. ನಾನು ಈಚೆ ಕೂತು ಹೋಳಿಗೆಯ ಮಾನ ಲೆಕ್ಕ ಹಾಕುತ್ತಿದ್ದೆ.

"ಇಷ್ಟೆಲ್ಲಾ ಓದಿ ಇದನ್ನ ಕಲ್ತಿ ಏನ?" ಎಂದು ಕಾಕು ಕಣ್ಣೊರೆಸಿಕೊಂಡರು. ಆಮೇಲೆ ಥಟ್ಟನೆ ಗಾಬರಿಯಾದರು. "ನಿನ್ನ ಮುಟ್ಟಿಬಿಟ್ಟೆ. ತಲಿಮ್ಯಾಲ ಸ್ನಾನ ಮಾಡು, ಮೊದಲು ಏಳು. ಮತ್ತ ಆ ಡಬ್ಬಿ ಹಂಗ ಬಿಡಬ್ಯಾಡ. ಸಕ್ಕರಿ ಹಾಕ್ಕೊಂಡು ತಂದಿಡು. ಈಗಿಂದೀಗ."

ಇವೆಲ್ಲ ನಾನು ನಂಬದ ಮಾತುಗಳು. ಆದರೂ ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ಡಬ್ಬಿಯನ್ನು ಮೆಟ್ಟಿಲ ಕೆಳಗಿನಿಂದ ಹೆಕ್ಕಿ ತಂದೆ. ಅಂಚು ಒಂದು ಕಡೆ ನೆಗ್ಗಿತ್ತು. ತಿಂಗಳ ರೇಶನ್ ಸಕ್ಕರೆಯನ್ನೆಲ್ಲ ಅದಕ್ಕೆ ಸುರಿದೆ. ತುಂಬಿ ನೆಲಕ್ಕೆ ಚೆಲ್ಲಿತು. ಆಮೇಲಿನ ಹನ್ನೊಂದು ದಿನ ನಾನು ಬದುಕಿದ ರೀತಿ ನನ್ನ ವಿದ್ಯಾರ್ಥಿನಿಯರಿಗೆ ತಿಳಿಯಬಾರದು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಲ್ಲ ಎಂದು ತರಗತಿಯಲ್ಲಿ ಪಾಠ ಹೇಳುತ್ತಿದ್ದೆ. ಮನೆಗೆ ಬಂದು, ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಸಾಕು, ತಾರಿನವನೇ ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ವೈನಿಗೆ ಏನಾದರೂ ಆದರೆ ಖಾಲಿ ಡಬ್ಬಿಯಿಟ್ಟು ಅದನ್ನು ಕರೆದವಳು ನಾನೇ ಎಂದು ನಂಬಿಬಿಟ್ಟಿದ್ದೆ.

ಹನ್ನೆರಡನೆಯ ದಿನ ತಾರು ಬಂತು. ಅಣ್ಣ ಓದಿದ: ಹೆಣ್ಣು, ಇಬ್ಬರೂ ಕ್ಷೇಮ. ನಾನು ಚಪ್ಪಲಿಯಿಲ್ಲದೆ ಎದುರು ಮನೆಗೆ ಓಡಿದೆ. ಕಾಕುವಿನ ಸೂತಕ ಕಳೆದಿತ್ತು, ಹಣೆಯಲ್ಲಿ ಕುಂಕುಮವಿತ್ತು. ಅವರು ಒಳಗೆ ಹೋಗಿ ಆ ನೆಗ್ಗಿದ ಡಬ್ಬಿ ತಂದರು. ಸಕ್ಕರೆ ಹಾಗೆಯೇ ಇತ್ತು. ಒಂದು ಹರಳನ್ನೂ ಮುಟ್ಟಿರಲಿಲ್ಲ. ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿದರು, ಆಮೇಲೆ ಬಾಗಿಲ ಮರೆಗೆ ಹೋಗಿ ನಿಂತರು.

ನಿನ್ನೆ ಪುಟ್ಟಿಯ ಕೈಯಲ್ಲಿದ್ದದ್ದು ಅದೇ ಡಬ್ಬಿ.

"ಅತ್ಯಾ, ಖಾಲಿ ಕೊಟ್ಟರ ಕಾಯ್ ಹೋತಂ?" ಎಂದು ಕೇಳಿದಳು. ಅವಳ ಕನ್ನಡ ಅರ್ಧ ದಾರಿಯಲ್ಲೇ ಮರಾಠಿಯಾಗುತ್ತದೆ.

"ಕೊಡಬಾರದು ಅಂದ್ರ ಕೊಡಬಾರದು," ಎಂದೆ. ಸಕ್ಕರೆ ಹಾಕಿ, ಮುಚ್ಚಳ ಒತ್ತಿ ಕಳಿಸಿದೆ. ಬಾಗಿಲಲ್ಲಿ ನಿಂತಾಗ ತಿಳಿಯಿತು: ನನ್ನ ಗಂಟಲಿನಿಂದ ಹೊರಟಿದ್ದ ಆ ದನಿ ನನ್ನದಲ್ಲ, ಅಂದು ಎದುರು ಮನೆಯ ಹೊಸ್ತಿಲಲ್ಲಿ ಕೇಳಿದ್ದು.

ಆಚೆ ಮುಚ್ಚಳ ತೆರೆದ ಸದ್ದಾಯಿತು, ಹಿಂದೆಯೇ ಕಾಕುವಿನ ದನಿ.

"ನೋಡ ಪುಟ್ಟೀ, ಇವತ್ತೂ ಡಬ್ಬಿ ತುಂಬ ಕಳಿಸ್ಯಾಳ ನಿಮ್ಮ ಅತ್ಯಾ. ಒಂದು ಚಮಚಾ ಸಾಕು ಅಂತ ಹೇಳು ಆಕಿಗೆ. ಆರು ವರ್ಷ ಆತು, ಹೇಳಿ ಹೇಳಿ ಸಾಕಾತು."

ಅದನ್ನು ಕೇಳಿದ ಮೇಲೆ ನಾನು ಒಳಗೆ ಬಂದೆ.